ಕಪ್ಪೆಯ ಗುರಾಣಿ ಮತ್ತು ಮುಖದ ಮೊಡವೆ

ಜುಮುಅ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ನಮಾಝ್, ಉಪವಾಸ, ವುಝೂಗೆ ಸಂಬಂಧಿಸಿದವು. ಇತ್ತೀಚೆಗೆ ಬೇರೊಂದು ಪ್ರಶ್ನೆಯೂ ಸೇರಿಕೊಂಡಿದೆ. "ಉಸ್ತಾದ್, ಕಪ್ಪೆಯ ಚರ್ಮದಿಂದ, ಹಾವಿನ ವಿಷದಿಂದ ಮೊಡವೆಗೆ ಮದ್ದು ಕಂಡುಹಿಡಿದಿದ್ದಾರಂತೆ. ಹಚ್ಚಿಕೊಳ್ಳಬಹುದಾ?" ಕೇಳುವವರು ಮೊಬೈಲಿನಲ್ಲಿ ಏನನ್ನೋ ನೋಡಿರುತ್ತಾರೆ. ಮುಖ ನೋಡಿದರೆ ಯಾಕೆ ಕೇಳುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಅಂಥ ಮದ್ದು ನಿಜವಾಗಿ ಇದೆಯೇ ಎಂಬುದು ಒಂದು, ಇದ್ದರೆ ಬಳಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ಸುಮಾರು ನೂರು ವರ್ಷಗಳ ಇತಿಹಾಸವನ್ನು ತಿರುವಿ ಹಾಕಬೇಕು. ಆ ಇತಿಹಾಸ ಬಹಳ ಸ್ವಾರಸ್ಯದ್ದು. ಅದರಲ್ಲಿ ಗೆಲುವಿಗಿಂತ ಕಾಯುವಿಕೆಯೇ ಹೆಚ್ಚು.

ದಕ್ಷಿಣ ಆಫ್ರಿಕಾದ ಕೆರೆ-ಕುಂಟೆಗಳಲ್ಲಿ ಒಂದು ಜಾತಿಯ ಕಪ್ಪೆಯಿದೆ. ಅದಕ್ಕೆ ನಾಲಿಗೆ ಇಲ್ಲ. ಹಿಂಗಾಲಿನ ಬೆರಳುಗಳಲ್ಲಿ ಕಪ್ಪು ಉಗುರುಗಳಿವೆ. ಬದುಕೆಲ್ಲ ನೀರಿನಲ್ಲೇ, ಅದೂ ಹೆಚ್ಚಾಗಿ ಕೆಸರು ನೀರಿನಲ್ಲಿ. ಶಾಸ್ತ್ರೀಯ ಹೆಸರು ಕ್ಸೆನೋಪಸ್ ಲೇವಿಸ್. 1927ರಿಂದ 1930ರವರೆಗೆ ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಲ್ಯಾನ್ಸ್‌ಲಾಟ್ ಹಾಗ್ಬೆನ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಈ ಕಪ್ಪೆಯಲ್ಲಿ ಒಂದು ವಿಚಿತ್ರ ಗುಣವನ್ನು ಕಂಡರು. ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಹೆಣ್ಣು ಕಪ್ಪೆ ಮೊಟ್ಟೆಯಿಡುತ್ತಿತ್ತು. ಮುಂದೆ ಅದೇ ಗರ್ಭ ಪರೀಕ್ಷೆಯಾಯಿತು. ಹೆಂಗಸಿನ ಮೂತ್ರವನ್ನು ಕಪ್ಪೆಗೆ ಚುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಅದು ಮೊಟ್ಟೆಯಿಟ್ಟರೆ ಆಕೆ ಬಸುರಿ ಎಂದರ್ಥ. 1930ರ ದಶಕದಿಂದ 1960ರ ದಶಕದವರೆಗೆ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆ ನಡೆಯುತ್ತಿತ್ತು. ಹೀಗೆ ಆಫ್ರಿಕಾದ ಕೆರೆಯ ಕಪ್ಪೆ ಹಡಗು, ವಿಮಾನ ಹತ್ತಿ ಯುರೋಪ್, ಅಮೆರಿಕಗಳ ಪ್ರಯೋಗಾಲಯ ಸೇರಿತು. ಪರೀಕ್ಷೆಯ ಕಾಲ ಮುಗಿದರೂ ಕಪ್ಪೆ ಅಲ್ಲೇ ಉಳಿಯಿತು. ಅದರ ದೊಡ್ಡ ಮೊಟ್ಟೆಗಳು ಜೀವಕೋಶದ ಅಧ್ಯಯನಕ್ಕೆ ಅನುಕೂಲವಾಗಿದ್ದವು.

1986ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕೆಲ್ ಝಾಸ್ಲಾಫ್ ಎಂಬ ವೈದ್ಯ-ಸಂಶೋಧಕರು ಈ ಮೊಟ್ಟೆಗಳ ಮೇಲೆಯೇ ಕೆಲಸ ಮಾಡುತ್ತಿದ್ದರು. ಕಪ್ಪೆಯ ಹೊಟ್ಟೆಯನ್ನು ಸ್ವಲ್ಪ ಕೊಯ್ದು, ಮೊಟ್ಟೆ ತೆಗೆದು, ಹೊಲಿಗೆ ಹಾಕಿ ಮತ್ತೆ ತೊಟ್ಟಿಗೆ ಬಿಡುವುದು ದಿನದ ರೂಢಿ. ತೊಟ್ಟಿಯ ನೀರು ಕೊಳಕು, ಬ್ಯಾಕ್ಟೀರಿಯಾಗಳು ತುಂಬಿದ ನೀರು. ಹೊಲಿಗೆಯೂ ಮನುಷ್ಯರಿಗೆ ಆಪರೇಷನ್ ಮಾಡುವಷ್ಟು ಶುಚಿಯಾಗಿ ಹಾಕಿದ್ದಲ್ಲ. ನಮ್ಮಲ್ಲಿ ಯಾರಿಗಾದರೂ ಹೊಟ್ಟೆ ಕೊಯ್ದು ಅಂಥ ನೀರಿಗೆ ಇಳಿಸಿದರೆ ನಂಜಾಗದೆ ಇರುತ್ತದೆಯೇ? ಆದರೆ ಕಪ್ಪೆಗಳ ಗಾಯ ಕೀವಾಗುತ್ತಿರಲಿಲ್ಲ, ಕೆಂಪೇರುತ್ತಿರಲಿಲ್ಲ, ಸುಮ್ಮನೆ ಮಾಯುತ್ತಿತ್ತು.

ಇದನ್ನು ಆ ಪ್ರಯೋಗಾಲಯಗಳಲ್ಲಿ ಎಷ್ಟೋ ಜನ ಎಷ್ಟೋ ವರ್ಷ ನೋಡಿದ್ದರು. ನೋಡುವುದು ಬೇರೆ, ಯಾಕೆ ಎಂದು ಕೇಳುವುದು ಬೇರೆ. ಝಾಸ್ಲಾಫ್ ಕೇಳಿದರು. ಮಾಡುತ್ತಿದ್ದ ಕೆಲಸವನ್ನು ಬದಿಗಿಟ್ಟು ಕಪ್ಪೆಯ ಚರ್ಮವನ್ನೇ ಪರೀಕ್ಷೆಗೆ ತೆಗೆದುಕೊಂಡರು. ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಎರಡು ಪುಟ್ಟ ಪದಾರ್ಥಗಳು ಸಿಕ್ಕವು. ಪ್ರತಿಯೊಂದೂ 23 ಅಮೈನೋ ಆಮ್ಲಗಳ ಸರಪಣಿ. ಪ್ರೋಟೀನ್ ಎನ್ನಲು ತೀರಾ ಚಿಕ್ಕದು, ಆದ್ದರಿಂದ ಪೆಪ್ಟೈಡ್ ಎನ್ನುತ್ತಾರೆ. ಕಪ್ಪೆಗೆ ಗಾಯವಾದಾಗ ಅಥವಾ ಅದು ಬೆದರಿದಾಗ ಚರ್ಮದ ಗ್ರಂಥಿಗಳು ಬಿಳಿ ಲೋಳೆಯಂಥ ಸ್ರಾವವನ್ನು ಹೊರಹಾಕುತ್ತವೆ. ಈ ಪೆಪ್ಟೈಡ್‌ಗಳು ಅದರಲ್ಲಿರುತ್ತವೆ. 1987ರಲ್ಲಿ ಈ ಶೋಧ ಪ್ರಕಟವಾಯಿತು.

ಝಾಸ್ಲಾಫ್ ಅವಕ್ಕೆ 'ಮ್ಯಾಗೈನಿನ್' ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ 'ಮಾಗೇನ್' ಎಂದರೆ ಗುರಾಣಿ. ಮದ್ರಸದಲ್ಲಿ ಅರಬಿ ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ಪರಿಚಿತ ದನಿ ಕೇಳಿಸುತ್ತದೆ. ಅರಬಿಯಲ್ಲೂ ಗುರಾಣಿಗೆ 'ಮಿಜನ್ನ್' ಎಂಬ ಪದವಿದೆ, 'ಜುನ್ನ' ಎಂಬುದೂ ಇದೆ. ಹದೀಸಿನಲ್ಲಿ ಉಪವಾಸವನ್ನು ಕರೆದಿರುವುದು ಇದೇ 'ಜುನ್ನ' ಎಂಬ ಪದದಿಂದ. ಎರಡೂ ಭಾಷೆಗಳು ಒಂದೇ ಕುಟುಂಬದವು, ಧಾತು ಒಂದೇ. ಮುಚ್ಚು, ಮರೆಮಾಡು, ಕಾಪಾಡು ಎಂಬುದು ಅದರ ಅರ್ಥ. ಮರಗಳಿಂದ ಮುಚ್ಚಿದ ತೋಟ 'ಜನ್ನತ್', ಹೊಟ್ಟೆಯಲ್ಲಿ ಮರೆಯಾಗಿರುವ ಮಗು 'ಜನೀನ್', ಕಣ್ಣಿಗೆ ಕಾಣದ 'ಜಿನ್ನ್' ಎಲ್ಲವೂ ಆ ಧಾತುವಿನಿಂದಲೇ ಬಂದವು. ಕಪ್ಪೆಯ ತೊಗಲಿನ ಮೇಲಿನ ಕಾಣದ ಕವಚಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಇದು ಮೊದಲ ಶೋಧವೇನಲ್ಲ. ಪೆನ್ಸಿಲಿನ್‌ನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ 1921ರಲ್ಲಿ, ಅಂದರೆ ಪೆನ್ಸಿಲಿನ್ ಕಾಣುವ 7 ವರ್ಷ ಮೊದಲೇ, ನೆಗಡಿಯಾಗಿದ್ದಾಗ ತಮ್ಮದೇ ಸಿಂಬಳವನ್ನು ಗಾಜಿನ ತಟ್ಟೆಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದ್ದರು. ಲೋಳೆ ಇದ್ದ ಕಡೆ ಬ್ಯಾಕ್ಟೀರಿಯಾ ಕರಗಿಹೋಗುತ್ತಿತ್ತು. ಕಣ್ಣೀರಿನಲ್ಲೂ ಅದೇ ಪದಾರ್ಥವಿತ್ತು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಆ ಪ್ರಯೋಗಾಲಯದಲ್ಲಿ ಕಣ್ಣಿಗೆ ನಿಂಬೆಹಣ್ಣು ಹಿಂಡಿ ಕಣ್ಣೀರು ಕೂಡಿಸುತ್ತಿದ್ದರು! 1922ರಲ್ಲಿ ಪ್ರಕಟವಾದ ಆ ಪದಾರ್ಥದ ಹೆಸರು ಲೈಸೋಝೈಮ್. ಜೊಲ್ಲು, ಎದೆಹಾಲು, ಕೋಳಿಮೊಟ್ಟೆಯ ಬಿಳಿಭಾಗ ಎಲ್ಲದರಲ್ಲೂ ಅದಿದೆ. ಆದರೆ ಅದು ಸುಲಭವಾಗಿ ಕೊಲ್ಲುತ್ತಿದ್ದುದು ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು. ಮಾರಕ ರೋಗಾಣುಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ಮುಂದೆ ಪೆನ್ಸಿಲಿನ್ ಬಂದ ಅಬ್ಬರದಲ್ಲಿ ಕಣ್ಣೀರಿನ ಕಥೆಯನ್ನು ಎಲ್ಲರೂ ಮರೆತರು.

ಎಪ್ಪತ್ತು-ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ಹಾನ್ಸ್ ಬೊಮನ್ ಇನ್ನೊಂದು ದಾರಿಯಿಂದ ಇಲ್ಲಿಗೇ ಬಂದರು. ಅವರು ತೆಗೆದುಕೊಂಡದ್ದು ಸೆಕ್ರೋಪಿಯಾ ಎಂಬ ದೊಡ್ಡ ಕಾಡು ರೇಷ್ಮೆ ಪತಂಗದ ಗೂಡಿನೊಳಗಿನ ಹುಳುವನ್ನು. ಕೀಟಗಳಿಗೆ ನಮ್ಮ ಹಾಗೆ ಪ್ರತಿಕಾಯಗಳನ್ನು ತಯಾರಿಸುವ ವ್ಯವಸ್ಥೆ ಇಲ್ಲ. ಆದರೂ ಬ್ಯಾಕ್ಟೀರಿಯಾ ಚುಚ್ಚಿದರೆ ಹುಳು ಸಾಯಲಿಲ್ಲ, ಅದರ ರಕ್ತದಲ್ಲಿ ಹೊಸ ಪೆಪ್ಟೈಡ್‌ಗಳು ಹುಟ್ಟಿಕೊಂಡವು. ಅವುಗಳ ರಚನೆ 1981ರಲ್ಲಿ ಪ್ರಕಟವಾಯಿತು, ಸೆಕ್ರೋಪಿನ್ ಎಂಬ ಹೆಸರೂ ಬಂತು. ರಾಮನಗರ, ಶಿಡ್ಲಘಟ್ಟದ ರೀಲರ್ ಮನೆತನದ ಓದುಗರು ಇದನ್ನು ಓದುತ್ತಿದ್ದರೆ ತಿಳಿದಿರಲಿ, ನೀವು ದಿನವೂ ಬಿಸಿನೀರಿಗೆ ಹಾಕುವ ಗೂಡಿನ ಹುಳುವೂ ಸೆಕ್ರೋಪಿನ್ ತಯಾರಿಸುತ್ತದೆ. ಅದರಲ್ಲಿ ಮೋರಿಸಿನ್ ಎಂಬ ಇನ್ನೊಂದು ಪೆಪ್ಟೈಡ್ ಕೂಡ ಇರುವುದು 1995ರಲ್ಲಿ ಗೊತ್ತಾಯಿತು. ರಷ್ಯಾದ ಹಳ್ಳಿಗಳಲ್ಲಿ ಹಾಲು ಕೆಡದಿರಲೆಂದು ಪಾತ್ರೆಗೆ ಒಂದು ಕಪ್ಪೆ ಬಿಡುವ ಹಳೆಯ ಪದ್ಧತಿಯಿತ್ತು ಎನ್ನುತ್ತಾರೆ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಆ ಕಂದು ಕಪ್ಪೆಯ ಸ್ರಾವವನ್ನು ಪರೀಕ್ಷಿಸಿ ಹತ್ತಾರು ಪೆಪ್ಟೈಡ್‌ಗಳನ್ನು ಗುರುತಿಸಿದರು. ಅಜ್ಜಿಯರ ಮಾತಿನಲ್ಲೂ ಕೆಲವೊಮ್ಮೆ ಹುರುಳಿರುತ್ತದೆ. ಹಾಗೆಂದು ಯಾರೂ ಹಾಲಿನ ಪಾತ್ರೆಗೆ ಕಪ್ಪೆ ಬಿಡಬೇಡಿ.

ಈ ಪೆಪ್ಟೈಡ್‌ಗಳು ಕೆಲಸ ಮಾಡುವ ಬಗೆ ಸರಳ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣ ವಿದ್ಯುದಂಶವಿರುತ್ತದೆ, ಪೆಪ್ಟೈಡ್‌ನಲ್ಲಿ ಧನ ವಿದ್ಯುದಂಶ. ಆಯಸ್ಕಾಂತಕ್ಕೆ ಮೊಳೆ ಅಂಟಿದ ಹಾಗೆ ಪೆಪ್ಟೈಡ್ ಹೋಗಿ ಪೊರೆಗೆ ಅಂಟಿಕೊಂಡು, ಒಳಗೆ ನುಸುಳಿ ತೂತು ಮಾಡುತ್ತದೆ. ಒಳಗಿನದು ಹೊರಗೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಜೀವಕೋಶದ ಹೊರಮೈಯಲ್ಲಿ ಅಂಥ ಋಣ ಅಂಶ ಬಹಳ ಕಡಿಮೆ, ಜೊತೆಗೆ ಕೊಲೆಸ್ಟರಾಲ್ ಅದನ್ನು ಗಟ್ಟಿ ಮಾಡಿರುತ್ತದೆ. ಆದ್ದರಿಂದ ನಮ್ಮ ಕೋಶಗಳು ಬಹುಮಟ್ಟಿಗೆ ಬಚಾವಾಗುತ್ತವೆ. ಬಹುಮಟ್ಟಿಗೆ ಮಾತ್ರ. ಪ್ರಮಾಣ ಹೆಚ್ಚಾದರೆ ಹಲವು ಪೆಪ್ಟೈಡ್‌ಗಳು ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯುತ್ತವೆ.

ಇನ್ನು ಮೊಡವೆಗೆ ಬರೋಣ. ಪ್ರಾಯಕ್ಕೆ ಬಂದಾಗ ದೇಹದಲ್ಲಿ ಹಾರ್ಮೋನ್ ಏರುತ್ತದೆ, ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ, ರೋಮಕೂಪದ ಬಾಯಿ ಸತ್ತ ಕೋಶಗಳಿಂದ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಆ ಜಿಡ್ಡಿನ ಗೂಡಿನಲ್ಲಿ ಒಂದು ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಬಹುಕಾಲ ಅದನ್ನು ಪ್ರೊಪಿಯೋನಿಬ್ಯಾಕ್ಟೀರಿಯಂ ಆಕ್ನೆಸ್ ಎನ್ನುತ್ತಿದ್ದರು, 2016ರಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂದು ಹೆಸರು ಬದಲಾಯಿತು. ಇದು ಹೊರಗಿನಿಂದ ಬಂದ ಶತ್ರುವಲ್ಲ. ಮೊಡವೆ ಇರುವವರ, ಇಲ್ಲದವರ, ಎಲ್ಲರ ಚರ್ಮದಲ್ಲೂ ಅದು ವಾಸವಾಗಿದೆ. ಕಟ್ಟಿದ ಗೂಡಿನಲ್ಲಿ ಅದು ಹೆಚ್ಚಾದಾಗ ದೇಹ ಅದರ ವಿರುದ್ಧ ಎದ್ದು ನಿಲ್ಲುತ್ತದೆ. ಆಗ ಕೆಂಪಾಗಿ, ಊದಿ, ಕೀವು ತುಂಬುತ್ತದೆ. ಮನೆಯಲ್ಲಿ ಮಕ್ಕಳಿಗೆ "ಮುಖ ತೊಳೆಯಲ್ಲ, ಅದಕ್ಕೇ ಹೀಗೆ" ಎಂದು ಬೈಯುವ ತಾಯಿತಂದೆಯರು ಇದನ್ನು ಎರಡು ಸಲ ಓದಬೇಕು. ಮೊಡವೆ ಕೊಳಕಿನಿಂದ ಬರುವುದಲ್ಲ. ದಿನಕ್ಕೆ 5 ಸಲ ವುಝೂ ಮಾಡುವ ಹುಡುಗನಿಗೂ ಬರುತ್ತದೆ. ಹೆಣ್ಣು ನೋಡಲು ಬಂದವರ ಒಂದು ಮಾತು ಹುಡುಗಿಯ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ.

1950ರ ದಶಕದಿಂದ ಮೊಡವೆಗೆ ಟೆಟ್ರಾಸೈಕ್ಲಿನ್ ಮಾತ್ರೆ ಕೊಡತೊಡಗಿದರು. ಆಮೇಲೆ ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್ ಆಂಟಿಬಯಾಟಿಕ್‌ಗಳು ಹಚ್ಚುವ ಮದ್ದಾಗಿಯೂ ಬಂದವು. ಒಳ್ಳೆಯ ಗುಣ ಕಂಡಿತು. ಆದರೆ 1979ರಲ್ಲೇ ಈ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿದ ವರದಿ ಬಂತು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೊಡವೆ ರೋಗಿಗಳನ್ನು 10 ವರ್ಷ ಸತತವಾಗಿ ಪರೀಕ್ಷಿಸಿದಾಗ ಪ್ರತಿರೋಧಿ ಬ್ಯಾಕ್ಟೀರಿಯಾ ಇದ್ದವರ ಪ್ರಮಾಣ 1991ರಲ್ಲಿ ಶೇ. 34.5 ಇದ್ದದ್ದು 1997ರ ಹೊತ್ತಿಗೆ ಶೇ. 64ಕ್ಕೆ ಏರಿತ್ತು. ಮೊಡವೆಯಿಂದ ಯಾರೂ ಸಾಯುವುದಿಲ್ಲ ನಿಜ. ಆದರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ತಿನ್ನುವ ಲಕ್ಷಾಂತರ ಹದಿಹರೆಯದವರ ದೇಹದಲ್ಲಿ ಬೇರೆ ರೋಗಾಣುಗಳೂ ಮದ್ದನ್ನು ಮೀರುವ ಪಾಠ ಕಲಿಯುತ್ತವೆ. ನಾಳೆ ನ್ಯುಮೋನಿಯಾಕ್ಕೋ ಗಾಯದ ನಂಜಿಗೋ ಅದೇ ಮದ್ದು ಬೇಕಾದಾಗ ಅದು ಕೈಕೊಡಬಹುದು.

ಪೆಪ್ಟೈಡ್‌ಗಳ ಕಡೆಗೆ ಮೊಡವೆಯ ಸಂಶೋಧಕರು ತಿರುಗಿದ್ದು ಈ ಕಾರಣದಿಂದ. ಚರ್ಮದ ಮೇಲಿನ ಕೆಲಸ, ರಕ್ತಕ್ಕೆ ಹೋಗಬೇಕಾಗಿಲ್ಲ. ಪೊರೆಯನ್ನೇ ಒಡೆಯುವುದರಿಂದ ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ ಎಂಬ ನಂಬಿಕೆ ಬೇರೆ. ಚೀನಾದ ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್ ಪ್ರಾಣಿಶಾಸ್ತ್ರ ಸಂಸ್ಥೆಯ ತಂಡ 2008ರಲ್ಲಿ ಹಳದಿ-ಕಪ್ಪು ಪಟ್ಟೆಯ ಕಟ್ಟುಹಾವಿನ ವಿಷದಲ್ಲಿ 30 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ ಕಂಡಿತು. ಹಾವಿನ ವಿಷದಲ್ಲಿ ಕೊಲ್ಲುವ ಅಂಶದ ಪಕ್ಕದಲ್ಲೇ ಇಂಥದ್ದೂ ಇತ್ತು. 2011ರಲ್ಲಿ ಅದೇ ತಂಡ ಇದನ್ನು ಮೊಡವೆಯ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿತು. ತೀರಾ ಕಡಿಮೆ ಪ್ರಮಾಣದಲ್ಲಿ, ಒಂದು ಮಿಲಿಲೀಟರಿಗೆ 5 ಮೈಕ್ರೋಗ್ರಾಮಿಗಿಂತಲೂ ಕಡಿಮೆಯಲ್ಲಿ, ಅದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಿತು. ಇಲಿಗಳಲ್ಲಿ ಊತವನ್ನೂ ಇಳಿಸಿತು. ಹುಡುಗರು ಮೊಬೈಲಿನಲ್ಲಿ ನೋಡುವ "ಹಾವಿನ ವಿಷದಿಂದ ಮೊಡವೆ ಮಾಯ" ಎಂಬ ಮಾತಿನ ಮೂಲ ಬಹುಶಃ ಇಂಥ ಅಧ್ಯಯನಗಳೇ. ಆದರೆ ಅವು ನಡೆದದ್ದು ತಟ್ಟೆಯಲ್ಲಿ ಮತ್ತು ಇಲಿಯಲ್ಲಿ ಎಂಬ ಭಾಗ ಮೊಬೈಲಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ.

ಮನುಷ್ಯರ ಮುಖದವರೆಗೆ ಬಂದ ಪೆಪ್ಟೈಡ್ ಕೂಡ ಇದೆ. ಹಸುವಿನ ಬಿಳಿ ರಕ್ತಕಣಗಳಲ್ಲಿ 1992ರಲ್ಲಿ ಇಂಡೋಲಿಸಿಡಿನ್ ಎಂಬ 13 ಅಮೈನೋ ಆಮ್ಲಗಳ ಪೆಪ್ಟೈಡ್ ಸಿಕ್ಕಿತ್ತು. ಅದನ್ನು ಮಾದರಿಯಾಗಿಟ್ಟುಕೊಂಡು ಕೆನಡಾದಲ್ಲಿ ಒಮಿಗಾನನ್ ಎಂಬ ಕೃತಕ ಪೆಪ್ಟೈಡ್ ತಯಾರಿಸಿದರು. ಮೊಡವೆಯ ಮೇಲೂ, ಮುಖ ಕೆಂಪಾಗುವ ರೊಸೇಷಿಯಾ ಎಂಬ ಚರ್ಮರೋಗದ ಮೇಲೂ ಅದರ ಪ್ರಯೋಗ ನಡೆಯಿತು. ಮದ್ದಾಗಿ ಅಂಗಡಿಗೆ ಬರಲಿಲ್ಲ.

ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಕಪ್ಪೆಯ ಕಥೆಯ ಉಳಿದ ಭಾಗದಲ್ಲಿದೆ.

ಝಾಸ್ಲಾಫ್ ತಮ್ಮ ಶೋಧವನ್ನು ಮದ್ದಾಗಿಸಲು ಪೆನ್ಸಿಲ್ವೇನಿಯಾದಲ್ಲಿ ಒಂದು ಕಂಪೆನಿ ಹುಟ್ಟುಹಾಕಿದರು. ಕಪ್ಪೆಯ ಪೆಪ್ಟೈಡನ್ನು ಸ್ವಲ್ಪ ಮಾರ್ಪಡಿಸಿ, 22 ಅಮೈನೋ ಆಮ್ಲಗಳ ಪೆಕ್ಸಿಗಾನನ್ ಎಂಬ ಮುಲಾಮು ಸಿದ್ಧವಾಯಿತು. ಮೊದಲು ಮಕ್ಕಳಿಗೆ ಬರುವ ಇಂಪೆಟೈಗೋ ಎಂಬ ಚರ್ಮದ ಸೋಂಕಿಗೆ ಹಚ್ಚಿ ನೋಡಿದರು. ಮದ್ದಿಲ್ಲದ ಹುಸಿ ಮುಲಾಮು ಹಚ್ಚಿದ ಮಕ್ಕಳಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ನಂತರ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ತಿರುಗಿದರು. ನಮ್ಮ ಮನೆಗಳಲ್ಲಿ ಈ ಹುಣ್ಣಿನಿಂದ ಬೆರಳು, ಪಾದ ಕಳೆದುಕೊಂಡ ಹಿರಿಯರು ಎಷ್ಟು ಜನ ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಎರಡು ದೊಡ್ಡ ಪ್ರಯೋಗಗಳು, ಒಟ್ಟು 835 ರೋಗಿಗಳು. ಅರ್ಧ ಜನರಿಗೆ ಕಪ್ಪೆಯ ಮಾದರಿಯ ಮುಲಾಮು, ಅರ್ಧ ಜನರಿಗೆ ಆಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ. ಎರಡೂ ಗುಂಪಿನಲ್ಲಿ ಶೇ. 85ರಿಂದ 90ರಷ್ಟು ಜನರ ಸ್ಥಿತಿ ಸುಧಾರಿಸಿತು. ಮುಲಾಮು ಮಾತ್ರೆಗೆ ಸರಿಸಮ ನಿಂತಿತು. ಆದರೆ ಇರುವ ಮದ್ದಿಗಿಂತ ಮೇಲು ಎಂದು ತೋರಿಸಲು ಆಗಲಿಲ್ಲ. ಅಂಥ ಹುಣ್ಣನ್ನು ದಿನವೂ ಶುಚಿಗೊಳಿಸಿ ಪಟ್ಟಿ ಕಟ್ಟಿದರೇ ಅರ್ಧ ಗುಣ ಬರುತ್ತದೆ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅನುಮತಿ ನಿರಾಕರಿಸಿತು. ಮುಂದೆ ಇನ್ನೊಂದು ಕಂಪೆನಿ ಅದೇ ಮುಲಾಮನ್ನು ಮತ್ತೆ ಕೈಗೆತ್ತಿಕೊಂಡು ಹುಸಿ ಮುಲಾಮಿನ ಜೊತೆ ಹೋಲಿಸಿ ನೋಡಿತು. 2016ರಲ್ಲಿ ಆ ಪ್ರಯೋಗಗಳೂ ಸೋತವು. ಅಷ್ಟು ಹೊತ್ತಿಗೆ ಝಾಸ್ಲಾಫ್ ಹುಟ್ಟುಹಾಕಿದ್ದ ಕಂಪೆನಿ ಹೆಸರು ಬದಲಿಸಿಕೊಂಡು, 2009ರಲ್ಲಿ ಬಾಗಿಲು ಮುಚ್ಚಿಯೂ ಆಗಿತ್ತು.

ಮೊಡವೆಯಲ್ಲೂ ಇದೇ ತೊಡಕು. ಹುಸಿ ಕ್ರೀಮು ಹಚ್ಚಿದವರಲ್ಲೂ ಗಣನೀಯ ಮಂದಿಗೆ ಕೆಲವು ವಾರಗಳಲ್ಲಿ ಮೊಡವೆ ಇಳಿಯುತ್ತದೆ. ಅದಕ್ಕಿಂತ ಎಷ್ಟೋ ಮೇಲು ಎಂದು ತೋರಿಸಿದರೆ ಮಾತ್ರ ಹೊಸದು ಮದ್ದಾಗುತ್ತದೆ. ಜೊತೆಗೆ ಪೆಪ್ಟೈಡ್ ಜಿಡ್ಡು ತುಂಬಿದ ರೋಮಕೂಪದ ಆಳಕ್ಕೆ ಇಳಿಯಬೇಕು. ಚರ್ಮದಲ್ಲಿರುವ ಕಿಣ್ವಗಳು ಅದನ್ನು ಕತ್ತರಿಸಿಹಾಕುತ್ತವೆ, ಬೆವರಿನ ಉಪ್ಪು ಹಲವು ಪೆಪ್ಟೈಡ್‌ಗಳ ಶಕ್ತಿ ಕುಂದಿಸುತ್ತದೆ. ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ತಯಾರಿಸುವ ಖರ್ಚೂ ಹೆಚ್ಚು. ಕೆಲವೇ ರೂಪಾಯಿಯ ಹಳೆಯ ಮದ್ದಿನ ಎದುರು ಅದು ನಿಲ್ಲಬೇಕು.

ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳಲಾರದು ಎಂಬ ನಂಬಿಕೆಯ ಕಥೆ ಇನ್ನೂ ಸೊಗಸಾದದ್ದು. ಪೆಪ್ಟೈಡ್‌ಗೆ ಪ್ರತಿರೋಧ ಬೆಳೆಯುವುದು ಬಹಳ ಅಪರೂಪ ಎಂದು ಝಾಸ್ಲಾಫ್ ವಾದಿಸಿದ್ದರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಗ್ರಹಾಂ ಬೆಲ್ ಒಪ್ಪಲಿಲ್ಲ. ಸಮಯ ಕೊಟ್ಟರೆ ಬ್ಯಾಕ್ಟೀರಿಯಾ ಯಾವುದಕ್ಕಾದರೂ ದಾರಿ ಹುಡುಕುತ್ತದೆ ಎಂಬುದು ಅವರ ಅಭಿಪ್ರಾಯ. ಇಬ್ಬರೂ ಜಗಳವಾಡಲಿಲ್ಲ, ಪ್ರಯೋಗ ಮಾಡಿದರು. ಪೆಕ್ಸಿಗಾನನ್‌ನ ಪ್ರಮಾಣವನ್ನು ಮೆಲ್ಲನೆ ಏರಿಸುತ್ತ 600ರಿಂದ 700 ತಲೆಮಾರುಗಳವರೆಗೆ ಬ್ಯಾಕ್ಟೀರಿಯಾ ಬೆಳೆಸಿದಾಗ 24 ಸಾಲುಗಳಲ್ಲಿ 22 ಪ್ರತಿರೋಧ ಗಳಿಸಿಕೊಂಡವು. 2006ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಬೆಲ್ ಜೊತೆಗೆ ಝಾಸ್ಲಾಫ್ ಅವರ ಹೆಸರೂ ಇದೆ. ತನ್ನ ವಾದವನ್ನು ಕೆಡವಿದ ಪ್ರಬಂಧಕ್ಕೆ ತಾನೇ ಹೆಸರು ಹಾಕುವ ಮನಸ್ಸು ನಮ್ಮ ವಾದ-ವಿವಾದಗಳ ವೇದಿಕೆಗಳಲ್ಲಿ ಎಷ್ಟು ಸಲ ಕಾಣಸಿಗುತ್ತದೆ?

ಹುಡುಗರ ಎರಡನೆಯ ಪ್ರಶ್ನೆ ಬಾಕಿ ಇದೆ. ಅಬೂ ದಾವೂದ್ ಮತ್ತು ನಸಾಈ ಸಂಗ್ರಹಗಳಲ್ಲಿ ಅಬ್ದುರ್ರಹ್ಮಾನ್ ಬಿನ್ ಉಸ್ಮಾನ್(ರ) ವರದಿ ಮಾಡಿದ ಹದೀಸ್ ಒಂದಿದೆ. ಒಬ್ಬ ವೈದ್ಯ ಪ್ರವಾದಿಯವರ(ಸ) ಬಳಿ ಬಂದು ಕಪ್ಪೆಯನ್ನು ಮದ್ದಿಗೆ ಬಳಸುವ ಬಗ್ಗೆ ಕೇಳಿದಾಗ ಅವರು ಕಪ್ಪೆಯನ್ನು ಕೊಲ್ಲುವುದನ್ನೇ ನಿಷೇಧಿಸಿದರು. 7ನೇ ಶತಮಾನದ ಮದೀನಾದಲ್ಲಿ ಕೇಳಿದ ಪ್ರಶ್ನೆಯೂ ಕಪ್ಪೆ ಮತ್ತು ಮದ್ದಿನದೇ ಎಂಬುದನ್ನು ಗಮನಿಸಿ. ಕರಾವಳಿಯ ಶಾಫಿಈಗಳೂ ಘಟ್ಟದ ಮೇಲಿನ ಹನಫಿಗಳೂ ಕಪ್ಪೆ ತಿನ್ನಬಾರದು ಎನ್ನುವುದರಲ್ಲಿ ಒಂದೇ. ಕೈರೋದ ವಿದ್ವಾಂಸ ಕಮಾಲುದ್ದೀನ್ ದಮೀರಿ(1341–1405) ಬರೆದ 'ಹಯಾತುಲ್ ಹಯವಾನ್' ಎಂಬ ಪ್ರಾಣಿಕೋಶದಲ್ಲಿ ಒಂದೊಂದು ಪ್ರಾಣಿಗೂ ಹೆಸರಿನ ವಿವರಣೆ, ಹದೀಸ್, ಫಿಕ್ಹ್ ವಿಧಿ, ಮದ್ದಿನ ಗುಣ ಎಲ್ಲವನ್ನೂ ಒಟ್ಟಿಗೆ ಕೊಡಲಾಗಿದೆ. ಕಪ್ಪೆಗೂ ಅಲ್ಲಿ ಜಾಗವಿದೆ. ಅಂದರೆ ಈ ಚರ್ಚೆ ನಮ್ಮ ಉಲಮಾಗಳಿಗೆ ಹೊಸದಲ್ಲ.

ಇಂದಿನ ಪ್ರಯೋಗಾಲಯಗಳಲ್ಲಿ ಕಪ್ಪೆಯನ್ನು ಕೊಲ್ಲದೆಯೇ ಸ್ರಾವ ಪಡೆಯುವ ವಿಧಾನವಿದೆ. ತೀರಾ ಲಘುವಾದ ವಿದ್ಯುತ್ತನ್ನು ಚರ್ಮಕ್ಕೆ ತಾಗಿಸಿದರೆ ಲೋಳೆ ಹೊರಬರುತ್ತದೆ, ಅದನ್ನು ತೊಳೆದುಕೊಂಡು ಕಪ್ಪೆಯನ್ನು ಬಿಟ್ಟುಬಿಡುತ್ತಾರೆ. ಪೆಪ್ಟೈಡ್‌ನ ಅಮೈನೋ ಆಮ್ಲಗಳ ಕ್ರಮ ಒಮ್ಮೆ ತಿಳಿದರೆ ಸಾಕು, ಮುಂದಿನದೆಲ್ಲ ರಾಸಾಯನಿಕ ತಯಾರಿ. ಪೆಕ್ಸಿಗಾನನ್‌ನಲ್ಲಿ ಕಪ್ಪೆಯಿಂದ ಬಂದದ್ದು ವಿದ್ಯೆ ಮಾತ್ರ, ಕಪ್ಪೆಯ ಅಂಶ ಒಂದು ಹನಿಯೂ ಇಲ್ಲ. ನನ್ನ ತಿಳಿವಳಿಕೆಯಲ್ಲಿ ಅಂಥ ಕೃತಕ ಮುಲಾಮಿಗೆ ಕಪ್ಪೆಯ ವಿಧಿ ಅನ್ವಯಿಸುವುದಿಲ್ಲ. ನಮ್ಮದೇ ಪಶ್ಚಿಮ ಘಟ್ಟದ ಹೈಡ್ರೊಫಿಲಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯ ಸ್ರಾವದಲ್ಲಿ ತಿರುವನಂತಪುರ ಮತ್ತು ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗೂಡಿ ಇನ್ಫ್ಲುಯೆಂಝಾ ವೈರಸ್ ಕೊಲ್ಲುವ ಪೆಪ್ಟೈಡ್ ಕಂಡು 2017ರಲ್ಲಿ ಪ್ರಕಟಿಸಿದರು. ಕೇರಳದ ಬಳುಕುವ ಕತ್ತಿ 'ಉರುಮಿ'ಯ ನೆನಪಿಗೆ ಅದಕ್ಕೆ ಉರುಮಿನ್ ಎಂದು ಹೆಸರಿಟ್ಟರು. ಅದೂ ಇಲಿಗಳಲ್ಲಿ ಗೆದ್ದಿದೆ.

ಕಪ್ಪೆ, ಪತಂಗ, ಹಾವು ಎಂದು ಊರೂರು ಅಲೆದ ವಿಜ್ಞಾನಕ್ಕೆ ಇದೇ ಗುರಾಣಿ ಮನುಷ್ಯರ ಮೈಯಲ್ಲೂ ಸಿಕ್ಕಿತು. 2001ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಸಂಶೋಧಕರು ನಮ್ಮ ಬೆವರಿನಲ್ಲೇ ಡರ್ಮ್‌ಸಿಡಿನ್ ಎಂಬ ಪೆಪ್ಟೈಡ್ ಇರುವುದನ್ನು ತೋರಿಸಿದರು. ಬೆವರುಗ್ರಂಥಿಗಳು ಅದನ್ನು ಸದಾ ಚರ್ಮದ ಮೇಲೆ ಸುರಿಸುತ್ತಿರುತ್ತವೆ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಅಡುಗೆಮನೆಯಲ್ಲಿ ಬೆವರು ಸುರಿಸುವವರೆಲ್ಲ ಅದನ್ನು ಧರಿಸಿಕೊಂಡೇ ಇದ್ದಾರೆ. ಹಾಗಾದರೆ ಹೆಚ್ಚಿದ್ದಷ್ಟೂ ಒಳ್ಳೆಯದೇ? ಅಲ್ಲ. 2007ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ತಂಡ ಕಂಡ ಪ್ರಕಾರ ರೊಸೇಷಿಯಾ ರೋಗಿಗಳ ಚರ್ಮದಲ್ಲಿ ಕ್ಯಾಥೆಲಿಸಿಡಿನ್ ಎಂಬ ಇಂಥದೇ ಪೆಪ್ಟೈಡ್ ಮಿತಿ ಮೀರಿ ಇರುತ್ತದೆ. ಆ ಪೆಪ್ಟೈಡ್‌ನ ತುಣುಕುಗಳನ್ನು ಇಲಿಯ ಚರ್ಮಕ್ಕೆ ಚುಚ್ಚಿದಾಗ ಅದೂ ಕೆಂಪಾಗಿ ಊದಿತು.

ಆದ್ದರಿಂದ ಕಪ್ಪೆ, ಹಾವು, ಜೇನುನೊಣದ ವಿಷ ಎಂದು ಮುದ್ರಿಸಿ ದುಬಾರಿ ಬೆಲೆಗೆ ಮಾರುವ ಕ್ರೀಮಿನ ಡಬ್ಬಿಯನ್ನು ನೋಡಿದಾಗ ಈ ಇತಿಹಾಸ ನೆನಪಿರಲಿ. ಮೂವತ್ತು ವರ್ಷ, ಎಷ್ಟೋ ಕೋಟಿ ಹಣ ಸುರಿದವರಿಗೂ ಅನುಮತಿ ಸಿಗದ ಮದ್ದು ಆ ಡಬ್ಬಿಯಲ್ಲಿ ಹೇಗೆ ಬಂತು ಎಂದು ಕೇಳಬೇಕು. ಅದಕ್ಕಿಂತ ದೊಡ್ಡ ಅಪಾಯ ಮೆಡಿಕಲ್ ಶಾಪಿನ ಮೇಜಿನ ಮೇಲೆಯೇ ಇದೆ. ಬಿಳಿಯಾಗಲು, ಮೊಡವೆ ಹೋಗಲು ಎಂದು ಅಕ್ಕಪಕ್ಕದವರ ಮಾತು ಕೇಳಿ ನಮ್ಮ ಹೆಣ್ಣುಮಕ್ಕಳು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುತ್ತಾರೆ. ಮೊದಲ ವಾರ ಮುಖ ಹೊಳೆಯುತ್ತದೆ, ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಕೆಂಪು, ಉರಿ, ಮೊಡವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಚೀಟಿ ಕೇಳದ ಅಂಗಡಿಗಳು ಈಗಲೂ ಇವೆ.

ಮೊಡವೆಗೆ ಪರೀಕ್ಷೆಯಲ್ಲಿ ಗೆದ್ದ ಮದ್ದುಗಳು ಇವೆ, ಅವು ಹಳೆಯವು ಮತ್ತು ಅಗ್ಗದವು. ಬೆಂಝಾಯಿಲ್ ಪೆರಾಕ್ಸೈಡ್‌ಗೆ ಬ್ಯಾಕ್ಟೀರಿಯಾ ಒಗ್ಗಿಕೊಂಡದ್ದು ಇದುವರೆಗೆ ಕಂಡಿಲ್ಲ. ಅಡಾಪಲಿನ್ ಮುಚ್ಚಿದ ರೋಮಕೂಪವನ್ನು ತೆರೆಯುತ್ತದೆ. ಎರಡಕ್ಕೂ ಗುಣ ಕಾಣಲು 8ರಿಂದ 12 ವಾರ ಬೇಕು, ಮೊದಲ ದಿನಗಳಲ್ಲಿ ಚರ್ಮ ಸ್ವಲ್ಪ ಒಣಗುವುದೂ ಉಂಟು. ಆಂಟಿಬಯಾಟಿಕ್ ಕೊಟ್ಟರೆ ಡಾಕ್ಟರರು ಅದನ್ನು ಒಂಟಿಯಾಗಿ ಕೊಡದೆ ಬೆಂಝಾಯಿಲ್ ಪೆರಾಕ್ಸೈಡ್ ಜೊತೆಗೆ, ಅದೂ ಮೂರು-ನಾಲ್ಕು ತಿಂಗಳ ಮಿತಿಯಲ್ಲಿ ಕೊಡುತ್ತಾರೆ. ಗಡ್ಡೆಯಾಗಿ ಕಲೆ ಉಳಿಸುವ ತೀವ್ರ ಮೊಡವೆಗೆ 1982ರಿಂದ ಬಳಕೆಯಲ್ಲಿರುವ ಐಸೋಟ್ರೆಟಿನಾಯಿನ್ ಮಾತ್ರೆಯಿದೆ. ಅದು ಬಸುರಿಯಲ್ಲಿ ಮಗುವಿಗೆ ಗಂಭೀರ ಅಂಗದೋಷ ತರಬಲ್ಲದು. ಮದುವೆ ನಿಶ್ಚಯವಾದ ಹುಡುಗಿಯರು, ಮದುವೆಯಾದವರು ಅದನ್ನು ಶುರು ಮಾಡುವ ಮೊದಲೇ ಸಂಕೋಚಪಡದೆ ಡಾಕ್ಟರರಿಗೆ ವಿಷಯ ತಿಳಿಸಬೇಕು. ಮದ್ದು ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು.